ಕಾಲುವೆಗೆ ಬಿಟ್ಟ ಜಾಗ

ಅಪ್ಪಾ,

ನೀನು ಸಮಿತಿ ಕಟ್ಟಿದ ದಿನ ನೆನಪಾಗುತ್ತದೆ. ನಮ್ಮ ಕೂಟಗಲ್ ಕಡೆಯ ಹೊಲಗಳಲ್ಲೆಲ್ಲ ಲೇಔಟಿನವರು ಕಲ್ಲು ನೆಡುತ್ತಿದ್ದ ಕಾಲ. ಹಾಲಿನ ಡೈರಿ ಮುಂದೆ ನಿಂತು, "ಮನೆ ಕಟ್ಬ್ಯಾಡಿ ಅನ್ನಾಕೆ ನಾವ್ಯಾರ್ಲಾ? ಕೆರೆಗೆ ನೀರು ಬರೋ ಕಾಲುವೆ ಬುಟ್ಟು ಕಟ್ಲಿ, ಅಷ್ಟೇಯ" ಅಂದೆ. ಎಲ್ಲರೂ ತಲೆಯಾಡಿಸಿ ಮನೆಗೆ ಹೋದರು. ಉಳಿದವರು ರೇಷ್ಮೆ ನೂಲು ತೆಗೆಯುವ ನಿನ್ನ ಗೆಳೆಯ ಸಲೀಮಣ್ಣ, ಮತ್ತೆ ನಾನು. ಇಷ್ಟಕ್ಕೇ ಸಮಿತಿ ಅಂತ ಹೆಸರಿಟ್ಟೆಯಲ್ಲ, ನಿನ್ನ ಧೈರ್ಯಕ್ಕೆ ಏನನ್ನಬೇಕು? ಆಮೇಲೆ ಊರೇ ಸೇರಿತು, ಬಿಡು.

ನಿನ್ನನ್ನು ಮಣ್ಣು ಮಾಡಿದ ದಿನ... ನಮ್ಮವರ ಪದ್ಧತಿಯಂತೆ ನಮ್ಮ ಹೊಲದಲ್ಲೇ, ನೀನು ಕೂರುತ್ತಿದ್ದ ಬದುವಿನ ಪಕ್ಕ. ಮೂರನೇ ದಿನ ಹಾಲುತುಪ್ಪ ಬಿಟ್ಟು ಎಲ್ಲರೂ ಹೊರಟ ಮೇಲೂ ಅವ್ವ ಅಲ್ಲಿಂದ ಏಳಲಿಲ್ಲ. ವರ್ಷ ತುಂಬುವುದರೊಳಗೆ ಸಮಾಧಿಗೆ ಸಿಮೆಂಟಿನ ಕಟ್ಟೆ ಕಟ್ಟಿಸಿದಳು. ಹಿಪ್ಪುನೇರಳೆ ಸೊಪ್ಪು ಕೊಯ್ದು ಬರುವಾಗ ಅಲ್ಲಿ ಕೂತು ನಿನ್ನ ಜೊತೆ ಜಗಳವಾಡುತ್ತಿದ್ದಳು. ನೀನಿದ್ದಾಗ ಇಷ್ಟು ಮಾತೇ ಇರಲಿಲ್ಲ.

ಕೊನೆಗೂ ಸರ್ವೆಯವರು ಬಂದರಪ್ಪ. ಮೇಲಿನ ಲೇಔಟಿನವರು ಕಾಲುವೆ ಮೇಲೇ ಕಾಂಪೌಂಡ್ ಗೋಡೆ ಎಬ್ಬಿಸಿದ್ದು ಖಚಿತವಾಯಿತು. ನಮಗೆ ಕುಣಿಯುವಷ್ಟು ಖುಷಿ. ಆದರೆ ಅಳೆಯುತ್ತ ಅಳೆಯುತ್ತ ಅವರು ನಮ್ಮ ಹೊಲಕ್ಕೂ ಇಳಿದರು. ತಾತನ ಕಾಲದಲ್ಲೇ ಬದು ಕಾಲುವೆಯೊಳಕ್ಕೆ ಸರಿದಿತ್ತಂತೆ. ಯಾರಿಗೆ ಗೊತ್ತಿತ್ತು? ನಿನ್ನ ಕಟ್ಟೆ ಕಾಲುವೆಯ ನಟ್ಟನಡುವೆ ಇತ್ತು. ಲೇಔಟಿನ ಮ್ಯಾನೇಜರ್ ನಕ್ಕ. "ಮೊದ್ಲು ನಿಮ್ ಅಧ್ಯಕ್ಷರನ್ನ ಎಬ್ಬಿಸ್ರಿ, ಆಮೇಲೆ ನಮ್ ಗೋಡೆ ನೋಡಣ" ಅಂದ. ನಾನು ಅವನನ್ನು ಅಲ್ಲೇ... ಸಲೀಮಣ್ಣ ನನ್ನ ಕೈ ಹಿಡಿದುಕೊಂಡ.

ಅವತ್ತೇ ಸಮಿತಿಯವರೆಲ್ಲ ಸೇರಿದರು. ನಿನ್ನ ಕಟ್ಟೆಗೆ ಕೈ ಹಚ್ಚಿ ಅಂತ ಯಾವ ಬಾಯಲ್ಲಿ ಹೇಳುತ್ತಾರೆ? ಅವ್ವನೇ ಹಾರೆ ತಂದಳು. "ಕಟ್ಟೆ ಒಡೀರಿ. ಅವ್ರುನ್ನ ಮಾತ್ರ ಅಗೀಬ್ಯಾಡಿ, ಮಲಿಕ್ಕಂಡಿರ್ಲಿ" ಅಂದಳು. ಮೊದಲ ಏಟು ಅವಳೇ ಹಾಕಿದಳು. ನನಗೆ ನೋಡಲಾಗಲಿಲ್ಲ ಅಪ್ಪ, ತಿರುಗಿ ನಿಂತು ಅತ್ತೆ. ಮ್ಯಾನೇಜರನಿಗೆ ಇನ್ನು ನೆಪ ಉಳಿಯಲಿಲ್ಲ. ಸ್ವಲ್ಪ ದಿನಕ್ಕೆ ಅವರ ಗೋಡೆಯೂ ಬಿತ್ತು.

ನಿನಗೆ ತಲುಪದ ಸುದ್ದಿ ಇದು: ಮೊನ್ನೆಯ ಮಳೆಗೆ ಕಾಲುವೆ ಹರಿಯಿತು. ಊರೆಲ್ಲ ಕೆರೆ ಏರಿ ಮೇಲೆ ನಿಂತು ಕೂಗುತ್ತಿತ್ತು, ನಿನ್ನ ಹೆಸರನ್ನೂ ಕೂಗಿದರು. ಅವ್ವ ಬರಲಿಲ್ಲ. ಹುಡುಕಿಕೊಂಡು ಹೋದರೆ ಹೊಲದಲ್ಲಿ ನಿಂತು, ನಿನ್ನ ಮೇಲೆ ಹರಿಯುವ ನೀರನ್ನೇ ನೋಡುತ್ತಿದ್ದಳು.

"ನಿಮ್ಮಪ್ಪಂಗೆ ಒಸಿ ಚಳಿನೂ ತಡಿಯಾಕಾಯ್ತಿರ್ನಿಲ್ಲ ಕಣವ್ವ" ಅಂದಳು.