ಬಾಗಿಲ ಬುಡದ ತೂತುಗಳು

ಫೆಬ್ರವರಿ 3, ಸೋಮವಾರ

ಪಿಕಪ್ಪಿನ ಕೆಳಗಿನಿಂದ ಈಗಷ್ಟೇ ಹೊರಬಂದೆ. ಬೆನ್ನು ಇನ್ನೂ ಅಲ್ಲೇ ಇದೆ. ಪುರುಸೊತ್ತಾದಾಗ ಬರುತ್ತದಂತೆ.

ಮೀನಿನ ಕ್ರೇಟು ಇಳಿಸಿ ಬಂದ ಮೇಲೆ, ಐಸು ಕರಗಿ ಹರಿದ ಉಪ್ಪುನೀರನ್ನು ಪೈಪು ಹಿಡಿದು ತೊಳೆಯುವುದು ನನ್ನ ನಿತ್ಯಕರ್ಮ. ಹೊರಮೈ ಸುಲಭ. ಸಂದಿಗಳದ್ದೇ ತಕರಾರು. ಮಡ್‌ಗಾರ್ಡಿನ ಒಳಮಡಿಕೆ, ಹಿಂಬಾಗಿಲ ಕೀಲು, ತೊಟ್ಟಿಯ ತಳ ಚಾಸಿಸ್ ಮೇಲೆ ಕೂತಿರುವ ಜಾಗ... ಕೈ ಹೋಗದು, ಬ್ರಷ್ ಹೋಗದು. ತುಕ್ಕು ಮಾತ್ರ ಅತ್ತೆಮನೆಗೆ ಹೋದ ಹಾಗೆ ಹೋಗಿ ಕೂರುತ್ತದೆ. ಕೊನೆಗೆ ಹಳೆಯ ಟೂತ್‌ಬ್ರಷ್ಷೊಂದನ್ನು ಕೋಲಿಗೆ ಕಟ್ಟಿ ತಿಕ್ಕಿದೆ.

"ಅದು ನನ್ನ ಬ್ರಷ್ಷು," ಎಂದಳು ಹೆಂಡತಿ.

"ಹಳೇದಲ್ವಾ?"

"ನಾನೂ ಹಳಬಳೇ. ನನ್ನನ್ನೂ ಕೋಲಿಗೆ ಕಟ್ಟಿ."

ಫೆಬ್ರವರಿ 9, ಭಾನುವಾರ

ಮಾವನವರ ವಾರದ ತಪಾಸಣೆ. ಹೆಂಡತಿಯ ಅಪ್ಪ, ಗಾಡಿಯ ಯಜಮಾನರು. ವರ್ಷಾನುಗಟ್ಟಲೆ ತಾವೇ ಓಡಿಸಿ, ಮೊಣಕಾಲು ಕೈಕೊಟ್ಟ ಮೇಲೆ ಕೀಲಿಕೈಯನ್ನು ನನಗೆ ಒಪ್ಪಿಸಿದವರು. ಮಗಳನ್ನು ಒಪ್ಪಿಸುವಾಗ ಇಷ್ಟೊಂದು ಸೂಚನೆ ಕೊಟ್ಟಿರಲಿಲ್ಲ.

ಕುರ್ಚಿ ಹಾಕಿಸಿಕೊಂಡು ಕೂತರು. ಕಣ್ಣು ಮಂಜು, ಬೆರಳು ಚುರುಕು. ಮಡ್‌ಗಾರ್ಡಿನ ಸಂದಿಯಲ್ಲಿ ಬೆರಳಾಡಿಸಿ ಮೂಸಿ ನೋಡಿದರು.

"ಇಲ್ಲಿ ಉಪ್ಪು ಉಳಿದಿದೆ ಅಳಿಯಂದ್ರೇ."

"ತೊಳೆದಿದ್ದೆ ಮಾವ."

"ನೀವು ತೊಳೆದ್ರಿ. ಅದು ಹೋಗ್ಲಿಲ್ಲ."

ಹೊರಡುವಾಗ ಶಾಸನ ಹೊರಡಿಸಿದರು. ಜೂನ್ ಕೊನೆಯಲ್ಲಿ ಎಫ್‌ಸಿ, ಆರ್‌ಟಿಓದವರ ಗಾಡಿ ಪರೀಕ್ಷೆ. ತುಕ್ಕು ಹಿಡಿದಿದೆ ಅಂತ ಅಲ್ಲಿಂದ ವಾಪಸ್ ಬಂದರೆ ಮತ್ತೆ ರಿಪೇರಿಯ ಮಾತಿಲ್ಲ, ಸೀದಾ ಗುಜರಿಗೆ. ಗಾಡಿ ಗುಜರಿಗೆ ಹೋದರೆ ನಾನೂ ಅದರ ಹಿಂದೆಯೇ. ಸ್ಟೇರಿಂಗ್ ಹಿಡಿಯುವುದು ಬಿಟ್ಟು ಬೇರೆ ವಿದ್ಯೆ ಈ ಕೈಗೆ ಹತ್ತಿಲ್ಲ.

ಫೆಬ್ರವರಿ 11, ಮಂಗಳವಾರ

ಇಂದು ಜ್ಞಾನೋದಯ. ಗಾಡಿಯ ಕೆಳಗೆ ಮಲಗಿ ಮೇಲೆ ನೋಡುತ್ತಿದ್ದಾಗ ಕಂಡಿತು — ಬಾಗಿಲುಗಳ ಬುಡದಲ್ಲಿ, ಫುಟ್‌ಬೋರ್ಡಿನ ಅಡಿಯಲ್ಲಿ ಸಾಲಾಗಿ ಸಣ್ಣ ತೂತುಗಳು. ಉಪ್ಪುನೀರು ಒಳಗೆ ನುಗ್ಗಲು ಕಾರ್ಖಾನೆಯವರೇ ರಾಜಮಾರ್ಗ ಮಾಡಿಕೊಟ್ಟಿದ್ದಾರೆ. ಇಷ್ಟು ದೊಡ್ಡ ಎಂಜಿನಿಯರುಗಳು, ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲವಲ್ಲ.

ಎಲ್ಲಕ್ಕೂ ಪುಟ್ಟಿ ಮೆತ್ತಿದೆ. ಮೇಲೆ ಕಪ್ಪು ಕೋಟಿಂಗ್. ಮತ್ತೊಂದು ಕೋಟಿಂಗ್. ಕೂದಲಿಗೂ ಸ್ವಲ್ಪ ಹತ್ತಿತು, ವಯಸ್ಸು ಕಡಿಮೆ ಕಾಣುತ್ತಿದೆ.

ಸಾಕಾಗಿದೆ. ಇನ್ನು ಬರೆಯಲು ಏನೂ ಇರದು ಎನಿಸುತ್ತದೆ. ಸಮಸ್ಯೆಯೇ ಮುಗಿಯಿತಲ್ಲ.

ಜೂನ್ 19, ಗುರುವಾರ

ಮುಗಿದಿರಲಿಲ್ಲ.

ಮಳೆ ಹಿಡಿದು ವಾರವಾಯಿತು. ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾರ್ಕೆಟ್ಟಿಗೆ ಹೊರಟಿದ್ದೆ. ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದೆ. ಗುಳುಗುಳು ಶಬ್ದ. ಮತ್ತೆ ಬ್ರೇಕ್, ಮತ್ತೆ ಗುಳುಗುಳು.

"ಏನ್ರೀ, ಈ ಬಾಗಿಲೊಳಗೆ ಯಾರೋ ಬಾಯಿ ಮುಕ್ಕಳಿಸ್ತಿದ್ದಾರೆ."

ಮನೆಗೆ ಬಂದು, ಬಾಗಿಲ ಬುಡದ ಪುಟ್ಟಿಗೆ ಸ್ಕ್ರೂಡ್ರೈವರ್ ಚುಚ್ಚಿದೆ. ಕಡು ಚಹಾ ಬಣ್ಣದ ನೀರು ದಬದಬ ಸುರಿಯಿತು. ಪ್ಯಾಂಟು, ಚಪ್ಪಲಿ, ಮರ್ಯಾದೆ, ಎಲ್ಲ ಒದ್ದೆ.

ಅಲ್ಲೇ ಕುಕ್ಕರಗಾಲಲ್ಲಿ ಕೂತೆ. ಕಿಟಕಿಯ ಗಾಜಿನ ಅಂಚಿನಿಂದ ನೀರು ಹೇಗೂ ಒಳಗಿಳಿಯುತ್ತದೆ. ಇಳಿದದ್ದು ಹೊರಗೆ ಹೋಗಲೆಂದೇ ಆ ತೂತುಗಳು. ಬರುವ ದಾರಿ ಅಂದುಕೊಂಡು ನಾನು ಹೋಗುವ ದಾರಿ ಮುಚ್ಚಿದ್ದೆ. ನಿತ್ಯ ಪೈಪು ಹಿಡಿದು ತೊಳೆದು ತೊಳೆದು, ಉಪ್ಪುನೀರನ್ನು ಒಳಗೆ ಶೇಖರಿಸಿ ಇಟ್ಟಿದ್ದೆ.

ಫುಟ್‌ಬೋರ್ಡಿಗೆ ಚುಚ್ಚಿದಾಗ ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗೆ ಹೋಯಿತು. ತಗಡು ಹಪ್ಪಳದ ಹಾಗೆ ಮುರಿಯಿತು.

ಮುಂದಿನ ಗುರುವಾರ ಎಫ್‌ಸಿ.

"ನಿಮ್ಮಪ್ಪನಿಗೆ ಹೇಳ್ಬೇಡ," ಎಂದೆ.

"ನಾನು ಹೇಳಲ್ಲ. ನೀವೇ ಹೇಳ್ತೀರಿ," ಎಂದಳು.

ಜೂನ್ 21, ಶನಿವಾರ

ಟಿಂಕರಿಂಗ್ ಅಂಗಡಿ. ಮೇಸ್ತ್ರಿ ಬಗ್ಗಿ ನೋಡಿ, ಎದ್ದು ನನ್ನನ್ನು ನೋಡಿ, ಮತ್ತೆ ಬಗ್ಗಿದ.

"ಯಾರಣ್ಣ ಇದು ಮುಚ್ಚಿದ್ದು?"

"ಯಾರೋ."

"ಆ ಯಾರೋ ಕೈಗೆ ಸಿಕ್ರೆ ಹೇಳಿ. ಏನ್ ಫಿನಿಶಿಂಗು, ಏನ್ ಕತೆ."

ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಿದ. ಬುಡದಲ್ಲಿ ತೂತು ಬಿಡಿಸಿದ. ಸಣ್ಣ ನಳಿಕೆ ತೂರಿಸಿ ಒಳಗೆಲ್ಲ ಎಣ್ಣೆ ಸಿಂಪಡಿಸಿದ. ಚಾಸಿಸ್ ಗಟ್ಟಿ ಇದೆಯಂತೆ. ಅಷ್ಟು ಕೇಳಿದ ಮೇಲೆ ಅವನ ಸ್ಟೂಲಿನ ಮೇಲೆ ಕೂತಲ್ಲೇ ನಿದ್ದೆ ಬಂತು. ಎಬ್ಬಿಸಿದ್ದು ಅವನೇ. ಸ್ಟೂಲು ಬೇಕಿತ್ತಂತೆ.

ಜೂನ್ 22, ಭಾನುವಾರ

ಮಾವ ಬಂದರು. ಕುರ್ಚಿ. ಬೆರಳು. ಮಡ್‌ಗಾರ್ಡ್, ಹಿಂಬಾಗಿಲು, ಫುಟ್‌ಬೋರ್ಡಿನ ಅಡಿ. ವೆಲ್ಡಿನ ಗೆರೆಯ ಹತ್ತಿರ ಬೆರಳು ನಿಂತಿತು. ಸ್ವಲ್ಪ ಹಿಂದೆ ಹೋಗಿ, ಬಾಗಿಲ ಬುಡದಲ್ಲಿ ಉಳಿದಿದ್ದ ಪುಟ್ಟಿಯ ಚೂರೊಂದನ್ನು ಕೆರೆಯಿತು, ಮತ್ತೆ ಬಂದು ಅಲ್ಲೇ ನಿಂತಿತು.

ಈಗ ಹೇಳಿಬಿಡಬೇಕು. ಬಾಯಿ ತೆರೆದೆ. ನಾಲಿಗೆ ಅಂಗುಳಿಗೆ ವೆಲ್ಡ್ ಆಗಿತ್ತು.

"ಟೀ ಆರುತ್ತೆ, ಕುಡೀರಿ," ಎಂದರು. ಅಷ್ಟೇ.

ಜೂನ್ 26, ಗುರುವಾರ

ಎಫ್‌ಸಿ ಆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಮಾವ ತಾವೂ ಬರುತ್ತೇನೆ ಎಂದು ಹಟ ಹಿಡಿದು ಪಕ್ಕದ ಸೀಟಿನಲ್ಲಿ ಕೂತಿದ್ದರು. ಉದ್ದನೆಯ ಸಾಲು. ದಾರಿಯುದ್ದಕ್ಕೂ ನಾನು ಹೇಳಲಿಲ್ಲ. ಸಾಲಿನಲ್ಲೂ ಹೇಳಲಿಲ್ಲ. ನಮ್ಮ ಸರದಿ ಬಂತು. ಇನ್‌ಸ್ಪೆಕ್ಟರು ಸಣ್ಣ ಸುತ್ತಿಗೆ ಹಿಡಿದು ಮುಂದಿನ ಬಂಪರಿನಿಂದ ಶುರು ಮಾಡಿದರು. ಟಣ್. ಟಣ್. ಪ್ರತಿ ಏಟೂ ನನ್ನ ಪಕ್ಕೆಲುಬಿಗೆ.

ಮಾವ ಬಾಗಿಲು ತೆಗೆದು, ಕಂಬಿ ಹಿಡಿದು, ಒಂದೊಂದೇ ಕಾಲು ಕೆಳಗಿಟ್ಟು ಇಳಿದರು.

"ಸಾರ್, ಅಲ್ಲೆಲ್ಲ ಯಾಕೆ ಹುಡುಕ್ತೀರಿ? ಈ ಕಡೆ ಬನ್ನಿ. ಫುಟ್‌ಬೋರ್ಡು ಕೊಳೆತಿತ್ತು, ಹೊಸ ತಗಡು ಹಾಕ್ಸಿದೀವಿ. ಇಲ್ಲೇ ಹೊಡೀರಿ."

"ಕೊಳೀತು ಅಂದ್ರೆ? ನೀರು ಹೋಗೋ ತೂತು ಇರಲಿಲ್ವಾ?"

"ಇತ್ತು. ನಾನೇ ಪುಟ್ಟಿ ಹಾಕಿ ಮುಚ್ಚಿದ್ದೆ."

ಇನ್‌ಸ್ಪೆಕ್ಟರು ಸುತ್ತಿಗೆ ಇಳಿಸಿದರು. "ಏನು ಯಜಮಾನ್ರೇ, ಇಷ್ಟು ವರ್ಷ ಗಾಡಿ ಓಡಿಸಿದವರು..."

"ಓಡ್ಸೋದು ಗೊತ್ತು. ವಯಸ್ಸಾಯ್ತಲ್ಲ, ತಲೆ ಓಡ್ಲಿಲ್ಲ. ಅಳಿಯಂದ್ರು ನೋಡಿ, ಸರಿ ಮಾಡಿಸಿದ್ರು."

ಸಾಲಿನಲ್ಲಿದ್ದ ಡ್ರೈವರುಗಳು ನಕ್ಕರು. ಮಾವನೂ ಅವರ ಜೊತೆ ನಕ್ಕರು. ನಾನು ಬಾನೆಟ್ಟಿನ ಮೇಲೆ ಇಲ್ಲದ ಧೂಳು ಒರೆಸುತ್ತಿದ್ದೆ.

ಹೊಸ ತಗಡಿನ ಮೇಲೆ ಸುತ್ತಿಗೆ ಬಿತ್ತು. ಟಣ್. ಇನ್ನೊಮ್ಮೆ. ಇನ್‌ಸ್ಪೆಕ್ಟರು ಬಗ್ಗಿ ತೂತುಗಳನ್ನು ನೋಡಿದರು, ಚಾಸಿಸ್ಸಿಗೂ ಬಡಿದರು, ಸಹಿ ಹಾಕಿದರು.

ಗೇಟು ದಾಟಿದೆವು. ಆಗ ನಾಲಿಗೆ ಬಿಟ್ಟಿತು.

"ಮಾವ, ಆ ತೂತುಗಳು..."

"ರಸ್ತೆ ನೋಡಿ ಅಳಿಯಂದ್ರೇ."

ರಸ್ತೆ ನೋಡಿದೆ. ಚೆನ್ನಾಗಿ ಕಾಣಿಸುತ್ತಿರಲಿಲ್ಲ. ವೈಪರ್ ಹಾಕಿದೆ. ಮಳೆ ಇರಲಿಲ್ಲ. ಮಾವ ತಮ್ಮ ಕಡೆಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.