ಪಕ್ಕದ ಮನೆಯ ರೇಡಿಯೋ ಅಳುವ ಹೊತ್ತು

ಹಿರಿಯೂರು
13-2-1978, ಸೋಮವಾರ

ಪ್ರೀತಿಯ ಮಗ ಚಿತ್ತಪ್ಪನಿಗೆ,

ನಿನ್ನ ಅವ್ವ ತಲೆ ಸವರಿ ಬರೆಯುವುದು. ಜಬಲ್‌ಪುರದಲ್ಲಿ ಚಳಿ ಇಳಿಯಿತೇ? ಎದೆಯಲ್ಲಿ ಕಫ ಕಟ್ಟಿದೆ ಎಂದು ನೀನು ಸಂಕ್ರಾಂತಿಗೆ ಮುಂಚೆ ಬರೆದಿದ್ದೆ. ಆಮೇಲೆ ಅದರ ಸುದ್ದಿಯೇ ಇಲ್ಲ. ವಾಸಿಯಾಗಿದ್ದರೆ ವಾಸಿಯಾಯಿತು ಎಂದು ಒಂದು ಸಾಲು ಬರೆಯಬೇಕಪ್ಪ, ಇಲ್ಲದಿದ್ದರೆ ಇಲ್ಲಿ ಕುಳಿತವರಿಗೆ ಕೆಮ್ಮು ನಿಲ್ಲುವುದಿಲ್ಲ. ಮಿಲಿಟರಿಯ ಅಡುಗೆಯವನನ್ನು ಕೇಳಿ ಮೆಣಸು ಬೆಲ್ಲ ಕುದಿಸಿಕೊಂಡು ಕುಡಿ. ನನ್ನ ಮೈ ಚೆನ್ನಾಗಿದೆ, ಮಂಡಿ ಮಾತ್ರ ಬೆಳಿಗ್ಗೆ ಎದ್ದಾಗ ಹಿಡಿಯುತ್ತದೆ. ಮೇಕೆ ಎರಡು ಮರಿ ಹಾಕಿದೆ, ಎರಡೂ ಹೆಣ್ಣು. ಹೊಸದುರ್ಗದಿಂದ ನಿನ್ನ ಚಿಕ್ಕಮ್ಮ ಈರಕ್ಕ ಬಂದು ಎಂಟು ದಿನ ಇದ್ದು ಹೋದಳು.

ಕ್ಷೇಮ ಕೇಳಿದ್ದಾಯಿತು. ಇನ್ನು ಸಿಟ್ಟಿನ ಮಾತು. ನೀನು ನಿನ್ನ ದೊಡ್ಡಪ್ಪನಿಗೆ ಕಾಗದ ಬರೆದೆಯಂತೆ. ಅಪ್ಪನ ಪೆಟ್ಟಿಗೆಯ ವಿಷಯ ನೀವು ಹಿರಿಯರು ಹೇಗೆ ಹೇಳುತ್ತೀರೋ ಹಾಗೆ, ನೀರಿಗೆ ಬಿಡಬೇಕೆಂದರೆ ಬಿಡಿ ಎಂದು ಬರೆದೆಯಂತೆ. ಅವರು ಅದನ್ನು ಜೇಬಿನಲ್ಲಿಟ್ಟುಕೊಂಡು ಬಂದು, ನಡುಮನೆಯಲ್ಲಿ ನಿಂತು ನನಗೆ ಓದಿ ಹೇಳಿದರು. ನನಗೆ ಓದಲು ಬರುತ್ತದೆ, ಏಳನೇ ಕ್ಲಾಸು ಪಾಸಾದವಳು, ಆದರೂ ಕಾಗದವನ್ನು ನನ್ನ ಕೈಗೆ ಕೊಡಲಿಲ್ಲ. ನೀನಾದರೂ ಅವ್ವಾ ಏನು ನಡೆದಿದೆ ಎಂದು ನನ್ನನ್ನು ಕೇಳಬಹುದಾಗಿತ್ತು. ಕೇಳಲಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತೇನೆ, ಮೊದಲಿನಿಂದ ಹೇಳುತ್ತೇನೆ.

ನೀನು ಆ ಪೆಟ್ಟಿಗೆಯನ್ನು ಒಂದೇ ಸಲ ನೋಡಿದವನು, ರಜೆಗೆ ಬಂದಾಗ, ಅದೂ ದಾಸಣ್ಣನ ರೇಡಿಯೋ ರಿಪೇರಿ ಅಂಗಡಿಯಲ್ಲಿ. ಎರಡು ಕೆಟ್ಟ ರೇಡಿಯೋಗಳ ಹೊಟ್ಟೆ ಬಗೆದು ಮಾಡಿದ ಒಂದು ವಾದ್ಯ ಅದು. ಮೇಲೆ ಒಂದು ಹಿತ್ತಾಳೆ ಕಡ್ಡಿ. ಅದನ್ನು ಮುಟ್ಟಬಾರದು. ಕೈಯನ್ನು ಹತ್ತಿರ ತಂದರೆ ದನಿ ಏರುತ್ತದೆ, ದೂರ ಒಯ್ದರೆ ಇಳಿಯುತ್ತದೆ. ನಿಮ್ಮಪ್ಪ ವಾರದಲ್ಲಿ ಆರು ದಿನ ನಾಲೆಯ ತೂಬು ಕಾಯುವ ಕೆಲಸ ಮಾಡಿ ಏಳನೇ ದಿನ ಅಲ್ಲಿಗೆ ಹೋಗುತ್ತಿದ್ದರು. ಬಬ್ಬೂರು ಫಾರಂನ ಒಬ್ಬ ಗುಮಾಸ್ತ, ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬರುವ ಒಬ್ಬ ಸೈನ್ಸ್ ಮೇಷ್ಟ್ರು, ದಾಸಣ್ಣ, ನಿಮ್ಮಪ್ಪ. ನಾಲ್ಕೇ ಜನ. ಜನ ನಗುತ್ತಾರೆಂದು ಅಂಗಡಿಯ ಹಲಗೆಗಳನ್ನು ಅರ್ಧ ಮುಚ್ಚಿಕೊಂಡು ಕೂರುತ್ತಿದ್ದರು. ಮೇಷ್ಟ್ರು ಟೇಪ್ ರೆಕಾರ್ಡರಿನ ಟೇಪನ್ನು ತುಂಡು ಮಾಡಿ, ತುದಿಗೆ ತುದಿ ಅಂಟಿಸಿ, ಒಂದು ಚೊಂಬಿಗೆ ಸುತ್ತುಹಾಕಿ ಓಡಿಸುತ್ತಿದ್ದರಂತೆ. ಅದರಲ್ಲಿ ಹಿಡಿದಿಟ್ಟ ಬೀಸುವ ಕಲ್ಲಿನ ಸದ್ದು, ಒಂದೇ ಸುತ್ತು, ಗಂಟೆಗಟ್ಟಲೆ ತಿರುಗುತ್ತಿತ್ತಂತೆ. ಅದರ ಮೇಲೆ ನಿಮ್ಮಪ್ಪ ಕೈ ಆಡಿಸುತ್ತಿದ್ದರು. ಅಲ್ಲಿ ಒಂದು ಕಟ್ಟಳೆ ಇತ್ತು, ಯಾರದಾದರೂ ಕೈಯಲ್ಲಿ ಗುರುತು ಸಿಗುವ ಹಾಡೋ ರಾಗವೋ ಬಂದುಬಿಟ್ಟರೆ ಅವನು ಎಲ್ಲರಿಗೂ ಚಹಾ ಕುಡಿಸಬೇಕು. ನಿಮ್ಮಪ್ಪ ಎರಡು ವರ್ಷದಲ್ಲಿ ಒಂದೇ ಸಲ ಚಹಾ ಕುಡಿಸಿದ್ದು ಎಂದು ದಾಸಣ್ಣ ಈಗಲೂ ಹೆಮ್ಮೆಯಿಂದ ಹೇಳುತ್ತಾನೆ. ಅವರಿರುವಾಗ ನಾನು ಒಂದು ದಿನವೂ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವರು ಬಾ ಎನ್ನಲಿಲ್ಲ, ನಾನು ಬರಲೇ ಎನ್ನಲಿಲ್ಲ.

ಕಾರ್ತಿಕದಲ್ಲಿ ಅವರು ಹೋದರು. ನೀನು ಬಂದು ಕರ್ಮ ಮುಗಿಸಿ ಹೋದೆ. ಆಮೇಲೆ ಡಿಸೆಂಬರಿನಲ್ಲಿ ದಾಸಣ್ಣ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ತಂದು, ಇದು ನಿಮ್ಮದು ಕಣಕ್ಕ, ನಮ್ಮತ್ರ ಇಟ್ಕಂಡ್ರೆ ಧರ್ಮ ಅಲ್ಲ ಎಂದು ಇಟ್ಟು ಹೋದ. ನೀನು ಹಳೇ ಸಾಮಾನಿನ ಅಂಗಡಿಯಲ್ಲಿ ಕೊಂಡು ಅಪ್ಪನಿಗೆ ಕಳಿಸಿದ ಹೆಡ್‌ಫೋನೂ ಅದರ ಜೊತೆಗಿತ್ತು.

ಧೂಳು ಒರೆಸಲು ಹೋಗಿ ಸ್ವಿಚ್ಚು ಹಾಕಿದ್ದೆ ಚಿತ್ತಪ್ಪ, ಅಷ್ಟೇ. ಮಧ್ಯಾಹ್ನ ಒಂದೂವರೆಗೆ ಅವರ ಪ್ರಾಣ ಹೋದದ್ದು. ದಿನಾ ಆ ಹೊತ್ತು ಬಂದರೆ ನನಗೆ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯುತ್ತಿರಲಿಲ್ಲ. ಆದ್ದರಿಂದ ಆ ಹೊತ್ತಿಗೆ ಪೆಟ್ಟಿಗೆಯ ಮುಂದೆ ಕೂರತೊಡಗಿದೆ. ಹೆಡ್‌ಫೋನು ಕಿವಿಗೆ, ಕದ ಮುಚ್ಚಿ. ಮೊದಮೊದಲು ಬೆಕ್ಕಿನ ಕಾದಾಟದಂತೆ ಬರುತ್ತಿತ್ತು. ಆಮೇಲೆ ಒಂದು ಸಂಗತಿ ಗೊತ್ತಾಯಿತು, ಕೈಯನ್ನೇ ಆಡಿಸಬೇಕೆಂದಿಲ್ಲ, ಎದೆಯನ್ನು ಕಡ್ಡಿಯ ಹತ್ತಿರ ತಂದು ಸುಮ್ಮನೆ ಉಸಿರಾಡಿದರೂ ದನಿ ಆಡುತ್ತದೆ. ಉಸಿರು ಬಿಟ್ಟರೆ ಇಳಿಯುತ್ತಾ ಇಳಿಯುತ್ತಾ ಹೋಗಿ, ತಳ ಮುಟ್ಟುವ ಮುಂಚೆ ಮತ್ತೆ ಮೇಲೇಳುತ್ತದೆ. ನಿಮ್ಮಪ್ಪ ಹಾಗೆ ಮಾಡುತ್ತಿರಲಿಲ್ಲ, ದಾಸಣ್ಣನನ್ನು ಕೇಳಿದ್ದೇನೆ. ಇದು ನಾನೇ ಕಂಡುಕೊಂಡದ್ದು. ದಿನಚರಿಯಲ್ಲಿ ದಿನಕ್ಕೊಂದು ಸಾಲು ಬರೆಯುತ್ತಿದ್ದೆ, ಇಂದು ಕೂತೆ, ಇಂದು ಕರೆಂಟಿಲ್ಲ ಕೂರಲಿಲ್ಲ, ಎಂದು.

ಜನವರಿಯಲ್ಲಿ ಪಕ್ಕದ ಮನೆಯ ಮಲ್ಲಕ್ಕ ಬೇಲಿಯ ಹತ್ತಿರ ಕರೆದಳು. ಅವಳ ಬಾಯಿ ನಿನಗೆ ಗೊತ್ತಲ್ಲ. "ನಿನ್ನ ಗಂಡ ನಮ್ಮ ರೇಡಿಯೋದಾಗೆ ಬಂದು ಅಳ್ತಾನೆ ಕಣೇ ಹೊನ್ನಕ್ಕ. ಉಂಡು ಭದ್ರಾವತಿ ಸ್ಟೇಷನ್‌ನಾಗೆ ಒಂದು ಹಾಡು ಕೇಳಾಣ ಅಂದ್ರೆ, ಹಾಡಿನ ಹಿಂದೆ ಊಂ ಅಂತ ಶುರು ಹಚ್ಕಂತಾನೆ. ಬದುಕಿದ್ದಾಗ ನೆಟ್ಟಗೆ ನಾಕು ಮಾತೂ ಆಡದ ಮನುಷ್ಯ, ಈಗ ನೋಡು." ಅವಳೊಬ್ಬಳಲ್ಲ, ಬೀದಿಯಲ್ಲಿ ಐದು ಮನೆಯವರು ಹೇಳಿದರು. ಎಲ್ಲರದೂ ಒಂದೇ ಹೊತ್ತು, ಒಂದೂವರೆ.

ಈಗ ನನ್ನ ದಡ್ಡತನವನ್ನು ಬರೆಯುತ್ತೇನೆ, ನಗಬೇಡ. ನಾನು ನಂಬಿದೆ. ಅವರು ಬರುತ್ತಿದ್ದಾರೆ ಎಂದು ನಂಬಿ, ಮಾರನೆಯ ದಿನ ಒಂದು ಗಂಟೆಗೇ ಹೋಗಿ ಮಲ್ಲಕ್ಕನ ರೇಡಿಯೋ ಮುಂದೆ ಕೂತೆ. ಎರಡಾಯಿತು, ಎರಡೂವರೆಯಾಯಿತು. ಹಾಡು ಮುಗಿಯಿತು, ವಾರ್ತೆ ಬಂತು, ಅಳು ಬರಲಿಲ್ಲ. ನಾಲ್ಕು ದಿನ ಹೋದೆ. ನಾಲ್ಕು ದಿನವೂ ಇಲ್ಲ. ಐದನೇ ದಿನ ಬೇಸತ್ತು ಮನೆಯಲ್ಲೇ ಪೆಟ್ಟಿಗೆಯ ಮುಂದೆ ಕೂತರೆ, ಸಂಜೆ ಮಲ್ಲಕ್ಕ ಬಂದು, "ಇವತ್ತು ಬಂದಿದ್ದ, ನೀನು ಬರ್ಬೇಕಿತ್ತು" ಎಂದಳು. ಬೀದಿಯವರಿಗೆಲ್ಲ ಅಳುತ್ತಾರೆ, ಇಪ್ಪತ್ತಾರು ವರ್ಷ ಅನ್ನ ಹಾಕಿದ ನನ್ನ ಕಿವಿಗೆ ಮಾತ್ರ ಇಲ್ಲ. ಅವತ್ತು ನಿಮ್ಮಪ್ಪನನ್ನು ನಾನು ಮನಸ್ಸಿನಲ್ಲಿ ಬಯ್ದಷ್ಟು ಅವರು ಬದುಕಿದ್ದಾಗಲೂ ಬಯ್ದಿರಲಿಲ್ಲ.

ಹೇಗಿರುತ್ತದೆ ಅವರ ಅಳು, ಒಂದು ಸಲ ಬಾಯಲ್ಲಿ ಮಾಡಿ ತೋರಿಸು ಎಂದು ಮಲ್ಲಕ್ಕನನ್ನು ಕೇಳಿದೆ. ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಮಾಡಿದಳು. ಇಳಿಯುತ್ತಾ ಇಳಿಯುತ್ತಾ ಹೋಗಿ, ತಳ ಮುಟ್ಟುವ ಮುಂಚೆ ಮೇಲೆದ್ದಿತು. ಮನೆಗೆ ಬಂದು ದಿನಚರಿ ತೆಗೆದು ನೋಡಿದೆ. ಈರಕ್ಕ ಬಂದಿದ್ದ ಎಂಟು ದಿನ ನಾನು ಕೂತಿರಲಿಲ್ಲ, ಬೀದಿಯಲ್ಲಿ ವಿಚಾರಿಸಿದರೆ ಆ ಎಂಟು ದಿನ ಯಾರ ಮನೆಯಲ್ಲೂ ಅಳು ಇರಲಿಲ್ಲ. ದಾಸಣ್ಣನನ್ನು ಕರೆಸಿದೆ. ಅವನು ಪೆಟ್ಟಿಗೆ ಬಿಚ್ಚಿ ನೋಡಿ ನಾಲಗೆ ಕಚ್ಚಿಕೊಂಡ. "ಅಕ್ಕ, ಇದು ರೇಡಿಯೋ ಅಲ್ಲ, ಸಣ್ಣ ಸ್ಟೇಷನ್ನು. ನೀವು ಹೆಡ್‌ಫೋನು ಹಾಕ್ಕಂಡ್ರೂ ಬೀದಿ ಉದ್ದಕ್ಕೂ ಹೋಗ್ತೈತೆ. ನಾವು ಅದನ್ನ ಡಯಲ್‌ನಾಗೆ ಯಾವ ಸ್ಟೇಷನ್ನೂ ಇಲ್ದ ಜಾಗದಾಗೆ ಇಟ್ಟಿದ್ವಿ. ಸೈಕಲ್ ಮೇಲೆ ತರೋವಾಗ ಅಲ್ಲಾಡಿ ಭದ್ರಾವತಿ ಪಕ್ಕಕ್ಕೆ ಬಂದು ಕುಂತೈತೆ." ಒಂದು ತಿರುಪನ್ನು ಅರ್ಧ ಸುತ್ತು ತಿರುಗಿಸಿದ. ಅಲ್ಲಿಗೆ ಬೀದಿಯ ಅಳು ನಿಂತಿತು.

ಅಂದರೆ ಅವರು ಬಂದಿರಲಿಲ್ಲ. ಒಂದು ದಿನವೂ ಬಂದಿರಲಿಲ್ಲ. ಬೀದಿಯವರು ಕೇಳಿದ್ದು ನನ್ನ ಉಸಿರನ್ನು.

ನಾನು ಸುಮ್ಮನಿದ್ದೆ, ಇನ್ನು ಎಲ್ಲರೂ ಮರೆಯುತ್ತಾರೆಂದು. ಆದರೆ ಆ ಹೊತ್ತಿಗೆ ನಿನ್ನ ದೊಡ್ಡಪ್ಪ ಬಬ್ಬೂರಿಗೆ ಹೋಗಿ, ಮೈಮೇಲೆ ದೇವರು ಬರುವ ಉಚ್ಚಂಗೆಮ್ಮನನ್ನು ಕೇಳಿ ಬಂದಿದ್ದರು. ಅವಳು ಕೊಟ್ಟ ನಿಂಬೆಹಣ್ಣನ್ನು ಬೀದಿಯ ಬಾಯಲ್ಲಿ ಕಟ್ಟಿದ ದಿನವೇ ದಾಸಣ್ಣ ತಿರುಪು ತಿರುಗಿಸಿದ್ದು. ನೋಡು, ಎಂಥ ಗ್ರಹಚಾರ. ಅಳು ನಿಂತದ್ದು ನಿಂಬೆಹಣ್ಣಿನಿಂದ ಎಂದಾಯಿತು. ಶಿವರಾತ್ರಿಯೊಳಗೆ ಪೆಟ್ಟಿಗೆಯನ್ನು ನಾಲೆಗೆ ಬಿಡದಿದ್ದರೆ ಸತ್ತವನು ತಿರುಗಿ ಬರುತ್ತಾನೆ ಎಂದು ಅವಳ ಮಾತು. ಅದಕ್ಕೇ ದೊಡ್ಡಪ್ಪ ನಿನಗೆ ಬರೆದದ್ದು, ನೀನು ಹೂಂ ಎಂದದ್ದು.

ನಿನ್ನ ಕಾಗದವನ್ನು ಅವರು ಓದಿ ಮಡಚಿದ ಮೇಲೆ ನಾನು ಬಾಯಿಬಿಟ್ಟೆ. ಭಾವ, ಅದು ನಾನು, ಎಂದೆ. ಅವರು ನಂಬಲಿಲ್ಲ. "ಒಲೆ ಊದೋ ಹೆಂಗಸು ಊದಿದ್ರೆ ಭದ್ರಾವತಿ ರೇಡಿಯೋ ಅಳ್ತೈತೇನವ್ವ?" ಎಂದರು. ಮಲ್ಲಕ್ಕನ ರೇಡಿಯೋ ಹಾಕಿಸಿ, ಇತ್ತ ನಾನು ಪೆಟ್ಟಿಗೆ ಹಾಕಿ ಕೂತೆ. ತಿರುಪು ತಿರುಗಿಸಿದ್ದಾಗಿತ್ತಲ್ಲ, ಅಲ್ಲಿ ಏನೂ ಕೇಳಲಿಲ್ಲ. ಮಲ್ಲಕ್ಕ ಬೇಲಿಯಾಚೆಯಿಂದ, "ಚೆನ್ನಾಗಿ ಹಾಡ್ತೈತೆ, ಮುಟ್ಟಬ್ಯಾಡ್ರಿ" ಎಂದು ಕೂಗಿದಳು. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ಹೆಡ್‌ಫೋನು ತೆಗೆದು ಅವರ ಕಿವಿಗೆ ಹಾಕಿ, ಕೇಳಿ ಎಂದು, ಕಡ್ಡಿಯ ಹತ್ತಿರ ನಿಂತು ಉಸಿರಾಡಿದೆ.

ನಿನ್ನ ದೊಡ್ಡಪ್ಪ ಕಣ್ಣಲ್ಲಿ ನೀರು ಹಾಕಿದ್ದನ್ನು ನೀನು ನೋಡಿದ್ದೀಯಾ? ಕುಣಿಗೆ ಮಣ್ಣು ಹಾಕುವಾಗಲೂ ಹಾಕಿರಲಿಲ್ಲ. ಅವತ್ತು ಹೆಡ್‌ಫೋನನ್ನು ಎರಡು ಕೈಯಲ್ಲಿ ಅದುಮಿ ಹಿಡಿದುಕೊಂಡು ಅತ್ತರು. "ಇದು ಅವನೇ. ನನ್ನ ತಮ್ಮನ ದನಿ ನನಗೆ ಗೊತ್ತಾಗಲ್ವ? ನಿನ್ನ ಮೈಯಾಗೆ ಸೇರ್ಕಂಡಾನೆ" ಎಂದರು. ಅಲ್ಲ ಭಾವ, ನಾನು, ಎಂದು ಇನ್ನೊಂದು ಸಲ ಹೇಳಲು ಬಾಯಿ ಬರಲಿಲ್ಲ.

ಈಗ ಪೆಟ್ಟಿಗೆಯನ್ನು ನಾಲೆಗೆ ಹಾಕುವುದಿಲ್ಲವಂತೆ. ಅದಕ್ಕೆ ವಿಭೂತಿ ಬಳಿದು ಹೂವಿನ ಹಾರ ಹಾಕಿದ್ದಾರೆ. ಕಡ್ಡಿಗೂ ಒಂದು ಎಳೆ ಹೂವು, ಅದರಿಂದ ದನಿಯೇ ಕೆಟ್ಟಿದೆ. ನಾಳೆ ಮಂಗಳವಾರ ಉಚ್ಚಂಗೆಮ್ಮ ಬರುತ್ತಾಳೆ, ಬೀದಿಯವರು ಬರುತ್ತಾರೆ. ನಾನು ಪೆಟ್ಟಿಗೆಯ ಮುಂದೆ ಕೂರಬೇಕು, ಅವಳು ನಿಮ್ಮಪ್ಪನ ಹೆಸರು ಹಿಡಿದು ಮೂರ್ತಪ್ಪಾ ಬಂದೆಯಾ ಎಂದು ಕೇಳಬೇಕು, ದನಿ ಬರಬೇಕು. ಒಬ್ಬರಿಗೆ ಕಳೆದುಹೋದ ಟಗರಿನ ಸಂಗತಿ ಕೇಳಬೇಕಂತೆ. ನಾನು ಹೂಂ ಎಂದು ತಲೆಯಾಡಿಸಿದರೆ ಪೆಟ್ಟಿಗೆ ಉಳಿಯುತ್ತದೆ. ಅದು ಅವರಲ್ಲ ಎಂದರೆ ನಾಲೆಗೆ ಹೋಗುತ್ತದೆ. ಉಳಿದರೂ ಅದು ನಿಮ್ಮಪ್ಪನದಾಗಿ ಉಳಿಯುತ್ತದೆ, ನಾನು ಕಷ್ಟಪಟ್ಟು ಕಂಡುಕೊಂಡದ್ದೆಲ್ಲ ಅವರದಾಗುತ್ತದೆ. ಅವರಿಗೇ ಅದು ಹಿಡಿಸುತ್ತಿರಲಿಲ್ಲ. ಈ ಕಾಗದ ನಿನಗೆ ಮುಟ್ಟುವಷ್ಟರಲ್ಲಿ ಮಂಗಳವಾರ ಮುಗಿದಿರುತ್ತದೆ, ನಿನ್ನನ್ನು ಕೇಳಿ ಏನೂ ಮಾಡುವಂತಿಲ್ಲ. ಆದರೂ ಯಾರಿಗಾದರೂ ಹೇಳಬೇಕಲ್ಲ. ದಿನಚರಿಗೆ ಹೇಳಿ ಹೇಳಿ ಸಾಕಾಗಿದೆ, ಅದು ನಿನ್ನ ಹಾಗೆಯೇ ಉತ್ತರ ಬರೆಯುವುದಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯ ಹುಡುಗರಿಗೆ ನನ್ನ ಹರಕೆ ತಿಳಿಸು. ಸಿಟ್ಟಿನಲ್ಲಿ ಬರೆದಿದ್ದರೂ ಹೆತ್ತವಳ ಸಿಟ್ಟು, ಮೈಗೆ ಹತ್ತುವುದಿಲ್ಲ.

ನಿನ್ನ ಅವ್ವ,
ಹೊನ್ನಕ್ಕ

ಮಂಗಳವಾರ ಸಂಜೆ ಸೇರಿಸಿದ್ದು: ಟಪಾಲು ಹೋಗುವುದಕ್ಕೆ ಸ್ವಲ್ಪವೇ ಹೊತ್ತಿದೆ. ಇಪ್ಪತ್ತು ಜನ ಸೇರಿದ್ದರು. ಉಚ್ಚಂಗೆಮ್ಮ ಮೂರು ಸಲ ಕೇಳಿದಳು. ಮೂರೂ ಸಲ ನಾನು ಕೈಯನ್ನು ಮಡಿಲಲ್ಲೇ ಇಟ್ಟುಕೊಂಡು, ಅವರು ಬಂದಿಲ್ಲ, ಬರುವುದೂ ಇಲ್ಲ, ಬಾರಿಸುತ್ತಿದ್ದವಳು ನಾನು ಎಂದೆ. ನಿನ್ನ ದೊಡ್ಡಪ್ಪ ಎದ್ದು, "ಹಂಗಾದ್ರೆ ನಾಲೆಗೆ ಹಾಕಾಣ" ಎಂದರು. ಹಾರ ಕಿತ್ತು ಪೆಟ್ಟಿಗೆಯನ್ನು ಸೊಂಟದ ಮೇಲೆ ಎತ್ತಿಕೊಂಡು ಹೊರಟೆ. ಗಂಡ ಹೋಗಿ ಮೂರು ತಿಂಗಳಾದವಳು ಹಗಲಿನಲ್ಲಿ ಪೇಟೆಯ ನಡುವೆ ಹೀಗೆ ಹೋಗುವುದೇ ಎಂದು ಯಾರೋ ಹಿಂದಿನಿಂದ ಅಂದರು. ದೊಡ್ಡಪ್ಪ ಬಸ್‌ಸ್ಟ್ಯಾಂಡಿನವರೆಗೆ ಹಿಂದೆ ಬಂದು, ಅಲ್ಲಿಂದ ಮನೆಗೆ ತಿರುಗಿದರು. ಅವರಿಗೆ ಒಂದು ಕಾಗದ ಬರೆ, ಪೆಟ್ಟಿಗೆಯ ಮಾತು ಬೇಡ, ಕ್ಷೇಮ ಕೇಳಿ ಬರೆ. ಅವರ ಪಾಲಿಗೆ ತಮ್ಮನು ಎರಡು ಸಲ ತೀರಿಹೋದ ಹಾಗಾಗಿದೆ. ಪೆಟ್ಟಿಗೆ ದಾಸಣ್ಣನ ಅಂಗಡಿಯಲ್ಲಿದೆ, ಬರುವ ಭಾನುವಾರದಿಂದ ನಾನೂ ಅಲ್ಲಿ ಕೂರುತ್ತೇನೆ. ಇಷ್ಟೆಲ್ಲ ಬರೆದದ್ದು ಒಂದು ವಾಲ್ವಿಗಾಗಿ. ಪೆಟ್ಟಿಗೆಯೊಳಗಿನ ಆ ಗಾಜಿನ ಬುರುಡೆಗಳಲ್ಲಿ ಒಂದರ ಕೆಂಪು ಬೆಳಕು ಮಂಕಾಗಿದೆ, ಇಲ್ಲಿ ಸಿಗುವುದಿಲ್ಲವಂತೆ. ದಾಸಣ್ಣ ನಂಬರು ಬರೆದುಕೊಟ್ಟ ಚೀಟಿ ಒಳಗಿದೆ. ಹತ್ತಿಯಲ್ಲಿ ಸುತ್ತಿ ಪಾರ್ಸೆಲ್ ಮಾಡು. ದೊಡ್ಡಪ್ಪನ ವಿಳಾಸಕ್ಕೆ ಬೇಡ, ಅಪ್ಪನ ಹೆಸರನ್ನೂ ಹಾಕಬೇಡ. ಹೊನ್ನಕ್ಕ, ದಾಸಣ್ಣನ ರೇಡಿಯೋ ಅಂಗಡಿ, ಹಿರಿಯೂರು ಎಂದು ಬರೆ.