ತಿರುವಿನ ಮರಳು

ಬರಿತಿಂಗಳು, ೨೧೮೭

ಹಾಂ, ನಿನ್ನೆ ಈ ಕಾಗದವನ್ನು ಮರಳಿನ ಮಾತಿಗೆ ನಿಲ್ಲಿಸಿದ್ದೆ. ನೂರೈವತ್ತು ವರ್ಷ ಹಿಂದೆ ಕೂತು ಓದುತ್ತಿರುವ ಹಿರಿಯರೇ, ನಮ್ಮ ಪದಗಳು ವಿಚಿತ್ರ ಅನ್ನಿಸಿದರೆ ಮನ್ನಿಸಿ. ಮಳೆಯಿಲ್ಲದೆ ಮಿಕ್ಕ ದಿನಗಳನ್ನೆಲ್ಲ ಕೂಡಿಸಿ ನಾವು ಹದಿಮೂರನೆಯ ತಿಂಗಳೊಂದನ್ನು ಮಾಡಿಕೊಂಡಿದ್ದೇವೆ. ಬರಿತಿಂಗಳು ಅಂದರೆ ಅದೇ.

ನಮ್ಮ ಹೊಳೆಯ ಮರಳು ನಿಮ್ಮ ಕಾಲದಲ್ಲಿ ಲಾರಿ ಹತ್ತಿ ಹೋಯಿತು. ಮರಳಿದ್ದರೆ ಅದರ ಅಡಿಯಲ್ಲಿ ನೀರು ಅಡಗಿ ಕೂರುತ್ತದೆ. ಕಾಲೇಜಿನಲ್ಲಿ ಇದಕ್ಕೆ ಪರ್ಕೊಲೇಶನ್ ಅಂತಲೋ ಪರ್ಸ್ಪಿರೇಶನ್ ಅಂತಲೋ ಕಲಿತಿದ್ದೆ. ಎರಡರಲ್ಲಿ ಒಂದು ಬೆವರು. ಇರಲಿ. ಈಗ ಪ್ರತಿ ಮನೆಯವರೂ ಕಲ್ಲು ಕುಟ್ಟಿ, ಜರಡಿ ಹಿಡಿದು, ಬುಟ್ಟಿಯಲ್ಲಿ ಹೊತ್ತು ಹೊಳೆಗೆ ಸುರಿಯಬೇಕು. ಇದನ್ನು ಮರಳುಮುಡಿಪು ಅನ್ನುತ್ತೇವೆ. ಮದುವೆಗೆ ಬಂದವರು ಉಡುಗೊರೆ ತರುವುದೂ ಮರಳನ್ನೇ. ನವಣೆಗೆ ನೀರು ಸಾಲದೆ ಇಬ್ಬನಿ ಹಿಡಿಯಲು ಹೊಲದ ಮೇಲೆಲ್ಲ ಬಲೆ ಕಟ್ಟಿದ್ದೇವೆ. ಸ್ನಾನವೆಂದರೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವುದು.

ನನ್ನ ಹೆಂಡತಿ ಓಬಕ್ಕ ಬದುಕಿದ್ದಷ್ಟು ದಿನ ಹೊಳೆಯ ತಿರುವಿನಲ್ಲಿ, ಹೊಂಗೆಮರದ ಹತ್ತಿರ ಮರಳು ಸುರಿದಳು. ನಾನು ಪುಸ್ತಕದ ಮಾತು ತೆಗೆದರೆ, "ಸಾಕು ಸುಮ್ಕಿರಪ್ಪ ಕಾಲೇಜು, ನಿನ್ ಇಂಗ್ಲೀಷು ಕುಟ್ಟಿದ್ರೆ ಮರಳಾಗ್ತೈತಾ? ಜರಡಿ ಹಿಡಿ" ಅನ್ನುತ್ತಿದ್ದಳು. ಹಿಡಿಯುತ್ತಿದ್ದೆ. ಹೋದ ಬೇಸಿಗೆಯಲ್ಲಿ ಎದೆಗೆ ಕಲ್ಲುಧೂಳು ತುಂಬಿ ತೀರಿಕೊಂಡಳು. ಅವಳನ್ನು ಆ ದಡದಲ್ಲೇ ಮಲಗಿಸಿ, ಅವಳು ಜರಡಿ ಹಿಡಿದಿಟ್ಟ ಕೊನೆಯ ಬುಟ್ಟಿಯನ್ನು ಮೇಲೆ ಸುರಿದೆವು.

ಅಲ್ಲೊಂದು ಒರತೆಯಿದೆ, ಅಂದರೆ ನೀರು ಜಿನುಗಲೆಂದು ಮರಳಲ್ಲಿ ತೋಡಿದ ಗುಂಡಿ. ಊರಿಗೆ ಉಳಿದಿರುವುದು ಅದೊಂದೇ. ಇವತ್ತು ಕತ್ತಲಾಗುವುದರೊಳಗೆ ಅದರಲ್ಲಿ ತೇವ ಕಾಣದಿದ್ದರೆ ಬೆಳಗ್ಗೆ ಎಲ್ಲರೂ ಕಣಿವೆ ಬಿಡಬೇಕೆಂದು ತೀರ್ಮಾನವಾಗಿದೆ. ನಾನು ಬರುವುದಿಲ್ಲ ಅಂದೆ. ಊರು ನಡೆಸುವ ತಿಪ್ಪಮ್ಮ ನನ್ನ ಮಾತು ಕೇಳಲಿಲ್ಲ. "ಓಬಕ್ಕನ್ನ ಹೊತ್ಕಂಡ್ ಹೋಗಾಕಾಗಲ್ಲ ಕಣಣ್ಣ. ನಿನ್ನ ಮಾತ್ರ ಹೊತ್ಕಂಡಾದ್ರೂ ಹೋಗ್ತೀವಿ" ಅಂದು ನನ್ನ ಹಾಸಿಗೆಯನ್ನು ಆಗಲೇ ಗಾಡಿಗೆ ಕಟ್ಟಿಸಿದ್ದಾಳೆ.

ಆದ್ದರಿಂದ ಬೇಡಿಕೊಳ್ಳುತ್ತೇನೆ. ಇಡೀ ಹೊಳೆಯನ್ನು ಬಿಡಿ ಅನ್ನಲಾರೆ, ನೀವು ಬಿಡುವವರಲ್ಲ. ಆ ತಿರುವೊಂದಕ್ಕೆ ಸಲಿಕೆ ಹಾಕಬೇಡಿ. ನೀವು ಈ ಕಾಗದ ಓದಿ ಆ ತಿರುವನ್ನು ಬಿಟ್ಟದ್ದೇ ಆದರೆ, ನಮ್ಮ ಪಾಲಿಗೆ ಅದು ಎಂದೋ ಆಗಿಹೋದ ಸಂಗತಿ. ಈಗಲೇ ಗುಂಡಿಗೆ ಕೈಯಿಟ್ಟರೆ ತಣ್ಣಗೆ ತಾಗಬೇಕು. ಬೆಳಗ್ಗೆ ಇಟ್ಟಾಗ ತಾಗಲಿಲ್ಲ. ಆಗಿನ್ನೂ ಕಾಗದ ಮುಗಿದಿರಲಿಲ್ಲ.

ಅಕ್ಷರಗಳು ಮಸುಕಾಗುತ್ತಿವೆ, ಬೆಳಕು ಹೋಗುತ್ತಿದೆ. ಇಷ್ಟಕ್ಕೆ ನಿಲ್ಲಿಸಿ, ಹೋಗಿ ಕೈಯಿಟ್ಟು ನೋಡುತ್ತೇನೆ.